ಅಭಾವದ ದಿನಗಳಲ್ಲಿ ಸಾಸಿನ ಸಂರಕ್ಷಣೆ



ಮನೆಯಲ್ಲಿ ಸ್ವಲ್ಪಸ್ವಲ್ಪವಾಗಿ ಟೊಮೇಟೊ ಸಾಸನ್ನು ತಯಾರಿಸಿ, ಗಾಜಿನ ಭರಣಿಗಳಲ್ಲಿ ತುಂಬಿ, ಕುದಿಯುವ ನೀರಿನಲ್ಲಿ ಕಾಯಿಸಿ, ತಿಂಗಳುಗಟ್ಟಲೆ ಕೆಡದಂತೆ ಇಡುವ ಕ್ರಮವೇ ಈ ಹೊತ್ತಿನ ಭಾಷಣದ ವಿಷಯವು. ಎಲ್ಲ ಸಾಮಗ್ರಿಯೂ ಹೇರಳವಾಗಿರುವಾಗ ಈ ಕೆಲಸಕ್ಕೆ ಹೆಚ್ಚಿನ ಉಪದೇಶ ಬೇಕಾಗುವುದಿಲ್ಲ. ಹೇಳಿದ ಅಳತೆಯಂತೆ ಹೇಳಿದಷ್ಟು ಹೊತ್ತು ಮಾಡಿದರೆ ಸಾಕು. ಸಕ್ಕರೆ ಸಾಲದು, ವಿನಿಗರ್ ಸಿಕ್ಕದು, ಮುಚ್ಚಳಗಳು ಅಂಗಡಿಯಲ್ಲಿಲ್ಲ, ಉರುವಲನ್ನು ಮಿತವಾಗಿ ಬಳಸಬೇಕು ಎಂಬ ಕಾಲ ಬಂದಾಗಲೇ ಕಷ್ಟವು. ಆಗ ಅಡಿಗೆಮನೆಯವರು ಹೆಜ್ಜೆಹೆಜ್ಜೆಗೂ, ಇದನ್ನು ಬಿಡಬಹುದೆ, ಇದಕ್ಕೆ ಬದಲಾಗಿ ಅದನ್ನು ಹಾಕಬಹುದೆ ಎಂದು ತಾವೇ ತೀರ್ಮಾನಿಸಬೇಕಾಗುವುದು. ಅಂಥ ತೀರ್ಮಾನಗಳಲ್ಲಿ ಕೆಲವು ರುಚಿಗೆ ಸಂಬಂಧಪಟ್ಟವು. ಮತ್ತೆ ಕೆಲವು ಪ್ರಾಣಕ್ಕೆ ಸಂಬಂಧಪಟ್ಟವು. ಇವೆರಡನ್ನೂ ಬೇರ್ಪಡಿಸಿ, ಯಾವುದರಲ್ಲಿ ಉಳಿತಾಯ ಮಾಡಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ತಿಳಿಸುವುದೇ ನನ್ನ ಉದ್ದೇಶ.

ಅಭಾವವೆಂಬುದು ಎಂದೋ ಒಮ್ಮೆ ಬಂದು ಹೋಗುವ ವಿಪತ್ತೆಂದು ತಿಳಿಯುವುದು ಸರಿಯಲ್ಲ. ಈ ಪದ್ಧತಿಯು ಮನೆಮನೆಗಳಲ್ಲಿ ರೂಢಿಯಾಗಿರುವ ಅಮೆರಿಕ ದೇಶದ ಚರಿತ್ರೆಯನ್ನೇ ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಮೇ ತಿಂಗಳಿನಲ್ಲಿ, ಅಲ್ಲಿ ಸಕ್ಕರೆಗೆ ಪಡಿತರವು ಜಾರಿಗೆ ಬಂದು, ಯುದ್ಧ ಮುಗಿದ ಮೇಲೆಯೂ 1947ರ ಜೂನ್‌ವರೆಗೆ ನಡೆಯಿತು. 1943ರ ಮಾರ್ಚಿಯಿಂದ ಡಬ್ಬಿಗಳಲ್ಲಿ ಬರುವ ಆಹಾರಕ್ಕೂ ಚೀಟಿ ಬೇಕಾಯಿತು. ತವರವೂ ರಬ್ಬರೂ ಬರುತ್ತಿದ್ದ ಆಗ್ನೇಯ ಏಷ್ಯದ ನಾಡುಗಳು ಜಪಾನಿನ ಕೈಸೇರಿದ್ದುವು. ಆದುದರಿಂದ ಹಿತ್ತಿಲಲ್ಲಿ ಬೆಳೆದುದನ್ನು ಮನೆಯಲ್ಲಿಯೇ ಗಾಜಿನ ಭರಣಿಗಳಲ್ಲಿ ತುಂಬಿಟ್ಟುಕೊಳ್ಳಿರೆಂದು ಸರಕಾರವೇ ಜನರನ್ನು ಪ್ರೋತ್ಸಾಹಿಸಿತು. ಪುನಃ 1975ರಲ್ಲಿ ಆ ದೇಶದಲ್ಲಿ ಭರಣಿಯ ಮುಚ್ಚಳಗಳಿಗೆ ದೊಡ್ಡ ಅಭಾವವುಂಟಾಯಿತು. 2020ರಲ್ಲಿ ಕೋವಿಡ್ ವ್ಯಾಧಿಯ ಕಾಲದಲ್ಲಿ ಅಸಂಖ್ಯಾತ ಜನರು ಒಮ್ಮೆಗೇ ಈ ಕೆಲಸಕ್ಕೆ ತೊಡಗಿದುದರಿಂದ ಭರಣಿಗಳೂ ಮುಚ್ಚಳಗಳೂ ಅಂಗಡಿಗಳಿಂದ ಮಾಯವಾದುವು.

ನಮ್ಮಲ್ಲಿ ಅಭಾವದ ರೂಪ ಬೇರೆ. ಕೋಲಾರದಲ್ಲಿ ಏಷ್ಯ ಖಂಡದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದು ಇದೆ. ಬೆಲೆ ಕುಸಿದ ತಿಂಗಳಿನಲ್ಲಿ ಅಲ್ಲಿ ರೈತನು ತಂದ ಹಣ್ಣಿಗೆ ಬಂಡಿಯ ಬಾಡಿಗೆಯೂ ಹುಟ್ಟುವುದಿಲ್ಲ. 2023ರ ಜುಲೈ ತಿಂಗಳಿನಲ್ಲಿಯಾದರೋ ಕಿಲೋ ಹಣ್ಣು ನೂರು ರೂಪಾಯಿಗಳನ್ನು ದಾಟಿಹೋಯಿತು. ಅಗ್ಗದ ದಿನ ಎರಡು ಮೂರು ಕಿಲೋ ಹೆಚ್ಚಾಗಿ ಕೊಂಡು, ನಾಲ್ಕು ಭರಣಿ ಸಾಸನ್ನು ಮಾಡಿಟ್ಟುಕೊಂಡ ಮನೆಗೆ ದುಬಾರಿಯ ದಿನ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಈ ಕೆಲಸಕ್ಕೆಂದೇ ಮಾಡಿದ ಭರಣಿಗಳೂ ಮುಚ್ಚಳಗಳೂ ನಮ್ಮ ಪೇಟೆಯ ಎಲ್ಲ ಅಂಗಡಿಗಳಲ್ಲಿ ಸುಲಭವಾಗಿ ದೊರೆಯತಕ್ಕವಲ್ಲ. ಇದ್ದುದರಲ್ಲಿ ಸರಿತೂಗಿಸುವ ಪ್ರಸಂಗವು ನಮಗೆ ಯಾವಾಗಲೂ ಇದ್ದೇ ಇದೆ.

ಮೊದಲು ಈ ವಿದ್ಯೆಯ ತತ್ತ್ವವನ್ನು ತಿಳಿಯೋಣ. ಫ್ರಾನ್ಸ್ ದೇಶದ ನಿಕೊಲಾ ಅಪೇರ್ ಎಂಬ ಮಿಠಾಯಿಗಾರನು ಆಹಾರವನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಬಿರಡೆಯನ್ನು ಬಿಗಿದು, ಕುದಿಯುವ ನೀರಿನಲ್ಲಿ ಇಟ್ಟು ಕಾಪಾಡುವ ಕ್ರಮವನ್ನು ಕಂಡುಹಿಡಿದನು. ಅದಕ್ಕಾಗಿ 1810ರಲ್ಲಿ ಅಲ್ಲಿಯ ಸರಕಾರವು ಅವನಿಗೆ 12,000 ಫ್ರಾಂಕುಗಳನ್ನು ಕೊಟ್ಟಿತು. ಆಹಾರವು ಕೆಡದಿರಲು ಕಾರಣವೇನೆಂಬುದು ಅವನಿಗೇ ತಿಳಿಯದು. ಲೂಯಿ ಪಾಸ್ಚರನು ಇನ್ನೂ ಹುಟ್ಟಿರಲಿಲ್ಲ. ಆಹಾರವನ್ನು ಕೆಡಿಸುವವು ಸೂಕ್ಷ್ಮಜೀವಿಗಳೆಂದೂ, ಶಾಖದಿಂದ ಅವು ಸಾಯುವುವೆಂದೂ, ಮುಚ್ಚಳವು ಹೊಸ ಜೀವಿಗಳನ್ನು ಒಳಕ್ಕೆ ಬಿಡುವುದಿಲ್ಲವೆಂದೂ ನಾವು ಈಗ ಬಲ್ಲೆವು. 1858ರಲ್ಲಿ ನ್ಯೂಯಾರ್ಕಿನ ಜಾನ್ ಮೇಸನ್ ಎಂಬಾತನು ತಿರುಪಿನ ಕಂಠವುಳ್ಳ ಗಾಜಿನ ಭರಣಿಗೆ ಹಕ್ಕುಪತ್ರ ಪಡೆದನು. ಅಲ್ಲಿಂದೀಚೆಗೆ, ಕಾರ್ಖಾನೆಯಿಲ್ಲದೆ ಮನೆಯಲ್ಲಿಯೇ ಈ ಕೆಲಸವನ್ನು ಮಾಡುವುದು ಸುಲಭವಾಯಿತು.

ಆದರೆ ಕುದಿಯುವ ನೀರಿಗೆ ಸಾಯದ ಒಂದು ಶತ್ರುವಿದೆ. ಅದರ ಹೆಸರು ಕ್ಲಾಸ್ಟ್ರಿಡಿಯಂ ಬಾಟುಲಿನಂ. ಇದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿ. ಇದರ ಬೀಜಾಣುಗಳು ಕುದಿಯುವ ನೀರನ್ನು ಗಂಟೆಗಟ್ಟಲೆ ಸಹಿಸಬಲ್ಲವು; ಅವನ್ನು ಬೇಗ ನಾಶಮಾಡಲು 121 ಡಿಗ್ರಿ ಸೆಂಟಿಗ್ರೇಡಿನ ಶಾಖ ಬೇಕು, ಅದು ಒತ್ತಡದ ಹಬೆಯಿಂದಲೇ ಆಗಬೇಕು. ಗಾಳಿಯಿಲ್ಲದ ಸ್ಥಳವೇ ಇದಕ್ಕೆ ಪ್ರಿಯ; ಬಿಗಿಯಾಗಿ ಮುಚ್ಚಿದ ಭರಣಿಯು ಗಾಳಿಯಿಲ್ಲದ ಸ್ಥಳವೇ ಅಲ್ಲವೆ? ಅಲ್ಲಿ ಬೀಜಾಣು ಮೊಳೆತು ಬೆಳೆದರೆ ಅತ್ಯಂತ ಭಯಂಕರವಾದ ವಿಷವು ಹುಟ್ಟುವುದು. 1977ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಪಾಂಟಿಯಾಕ್ ಪಟ್ಟಣದಲ್ಲಿ ಒಂದು ಭೋಜನಶಾಲೆಯ ಖಾರದ ಸಾಸನ್ನು ತಿಂದು ಐವತ್ತಕ್ಕೂ ಹೆಚ್ಚು ಮಂದಿ ಈ ವಿಷಕ್ಕೆ ತುತ್ತಾದರು. ಸರಿಯಾದ ಕ್ರಮವಿಲ್ಲದೆ ಭರಣಿಯಲ್ಲಿಟ್ಟ ಮೆಣಸಿನಕಾಯಿಯೇ ಅದಕ್ಕೆ ಕಾರಣವಾಗಿತ್ತು. 2015ರಲ್ಲಿ ಒಹಾಯೊ ಸಂಸ್ಥಾನದ ಲ್ಯಾಂಕಾಸ್ಟರಿನಲ್ಲಿ ಒಂದು ಸಹಭೋಜನದ ತರುವಾಯ ಸುಮಾರು ಮೂವತ್ತು ಮಂದಿ ಅಸ್ವಸ್ಥರಾಗಿ ಒಬ್ಬರು ತೀರಿಕೊಂಡರು. ಅಲ್ಲಿ ಆಲೂಗೆಡ್ಡೆಯನ್ನು ಒತ್ತಡದ ಪಾತ್ರೆಯಲ್ಲಿ ಕಾಯಿಸದೆ ಬರಿಯ ಕುದಿನೀರಿನಲ್ಲಿ ಕಾಯಿಸಿ ಭರಣಿಯಲ್ಲಿಟ್ಟಿದ್ದರು.

ಹಾಗಾದರೆ ಟೊಮೇಟೊ ಸಾಸನ್ನು ಕುದಿನೀರಿನಲ್ಲಿ ಕಾಯಿಸಿದರೆ ಸಾಕೆಂದು ಹೇಳುವುದು ಹೇಗೆ? ಹುಳಿಯ ಬಲದಿಂದ. ಹುಳಿಯನ್ನು ಅಳೆಯಲು ಪಿಎಚ್ ಎಂಬ ಮಾನವಿದೆ; ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುವುದು. ಪಿಎಚ್ 4.6ಕ್ಕಿಂತ ಕೆಳಗಿರುವ ಆಹಾರದಲ್ಲಿ ಈ ಬೀಜಾಣುಗಳು ಸಾಯದೆ ಉಳಿದರೂ ಮೊಳೆಯಲಾರವು. ಟೊಮೇಟೊ ಹಣ್ಣಾದರೋ ಸರಿಯಾಗಿ ಈ ಗಡಿಯ ಬಳಿಯಲ್ಲಿಯೇ ನಿಂತಿದೆ. ಒಂದು ತಳಿಯ ಹಣ್ಣು ಗಡಿಯ ಕೆಳಗಿದ್ದರೆ ಇನ್ನೊಂದು ಮೇಲಿರಬಹುದು. ಕಳಿತಷ್ಟೂ ಅದರ ಹುಳಿ ತಗ್ಗುವುದು. ಆದುದರಿಂದ ಪ್ರತಿಯೊಂದು ಭರಣಿಗೂ ಹೊರಗಿನಿಂದ ಹುಳಿಯನ್ನು ಸೇರಿಸಲೇಬೇಕು. ಸುಮಾರು ಅರ್ಧ ಲೀಟರಿನ ಭರಣಿಗೆ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪೆಂದು ಕರೆಯುವ ಪುಡಿ, ಕಾಲು ಟೀ ಚಮಚ. ಇಲ್ಲವೆ ಸೀಸೆಯಲ್ಲಿ ಬರುವ, ಹುಳಿಯ ಪ್ರಮಾಣ ಗೊತ್ತಾದ ನಿಂಬೆರಸ ಒಂದು ಊಟದ ಚಮಚ. ಇಲ್ಲವೆ ನೂರಕ್ಕೆ ಐದರ ಆಮ್ಲವುಳ್ಳ ವಿನಿಗರ್ ಎರಡು ಊಟದ ಚಮಚ. ಊಟದ ಚಮಚವೆಂದರೆ 15 ಮಿಲಿಲೀಟರ್, ಟೀ ಚಮಚವೆಂದರೆ 5 ಮಿಲಿಲೀಟರ್ ಎಂದು ತಿಳಿಯಬೇಕು. ಭರಣಿ ಕಾಲು ಲೀಟರಿನದಾದರೆ ಇದರ ಅರ್ಧ ಸಾಕು.

ಉಳಿತಾಯದ ಮೊದಲನೆಯ ಪ್ರಶ್ನೆ ಇಲ್ಲಿಯೇ ಏಳುವುದು. ಮರದ ನಿಂಬೆಹಣ್ಣನ್ನೇ ಹಿಂಡಬಾರದೆ, ಹುಣಿಸೆಯ ರಸವನ್ನು ಹಾಕಬಾರದೆ ಎಂದು ಯಾರಾದರೂ ಕೇಳಬಹುದು. ಅವುಗಳ ಹುಳಿ ಕಡಿಮೆಯೆಂದಲ್ಲ. ಅದು ಹಣ್ಣಿನಿಂದ ಹಣ್ಣಿಗೆ ಬೇರೆ ಬೇರೆ, ಅಳತೆಗೆ ಸಿಕ್ಕತಕ್ಕದ್ದಲ್ಲ. ನಾಲಗೆಯೂ ಇಲ್ಲಿ ನಂಬಿಕೆಗೆ ಯೋಗ್ಯವಲ್ಲ: ಸಕ್ಕರೆ ಹಾಕಿದರೆ ಹುಳಿ ಮರೆಯಾಗುವುದೇ ಹೊರತು ಕಡಿಮೆಯಾಗುವುದಿಲ್ಲ, ಖಾರ ಹೆಚ್ಚಿದರೆ ಹುಳಿ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ನಿಂಬೆ ಉಪ್ಪು ಅಗ್ಗವಾದುದು, ವರ್ಷಗಟ್ಟಲೆ ಕೆಡದು, ಒಂದು ಚಿಕ್ಕ ಪೊಟ್ಟಣವು ಹತ್ತಾರು ಭರಣಿಗಳಿಗೆ ಸಾಕಾಗುವುದು. ವಿನಿಗರ್ ಸಿಕ್ಕದ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಬದಲಿಯಿಲ್ಲ. ಬೆಂಜೋಯೇಟ್ ಮೊದಲಾದ ರಕ್ಷಕದ್ರವ್ಯಗಳೂ ಹುಳಿಯಿರುವಲ್ಲಿ ಮಾತ್ರ ಕೆಲಸಮಾಡತಕ್ಕವು. ಅವು ಹುಳಿಗೆ ಬದಲಾಗಲಾರವು.

ಇನ್ನು ಧಾರಾಳವಾಗಿ ಕಡಿಮೆ ಮಾಡಬಹುದಾದವು ಯಾವುವು? ಸಕ್ಕರೆ: ಟೊಮೇಟೊ ಸಾಸಿನಲ್ಲಿ ಅದು ರುಚಿಗಾಗಿಯೇ ಇರತಕ್ಕದ್ದು, ಅರ್ಧ ಮಾಡಬಹುದು, ಬಿಟ್ಟುಬಿಡಲೂಬಹುದು. ಜಾಮಿನ ಮಾತು ಬೇರೆ. ಅಲ್ಲಿ ಸಕ್ಕರೆಯೇ ರಕ್ಷಕ. ಉಪ್ಪು: ಇದೂ ರುಚಿಗಾಗಿಯೇ. ಉಪ್ಪಿನಕಾಯಿಯಲ್ಲಿ ಉಪ್ಪನ್ನು ಕಡಿಮೆ ಮಾಡಿದರೆ ಅನರ್ಥ. ಕಾಯಿಸಿ ಮುಚ್ಚಿದ ಸಾಸಿನಲ್ಲಿ ಅದರ ಚಿಂತೆಯಿಲ್ಲ. ಮೆಣಸು, ಲವಂಗ, ಚಕ್ಕೆ, ಒಣಮೆಣಸಿನ ಪುಡಿ ಮುಂತಾದ ಒಣ ಮಸಾಲೆಗಳನ್ನು ಇದ್ದಷ್ಟು ಹಾಕಬಹುದು, ಇಲ್ಲದಿದ್ದರೆ ಬಿಡಬಹುದು.

ಆದರೆ ಸೇರಿಸುವ ವಿಷಯದಲ್ಲಿ ಎಚ್ಚರಿಕೆ ಬೇಕು. ಹಣ್ಣು ಸಾಲದೆಂದು ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕುಂಬಳಕಾಯಿಗಳನ್ನು ಸೇರಿಸಿ ಸಾಸನ್ನು ಹೆಚ್ಚಿಸುವುದು ಅಭಾವಕಾಲದಲ್ಲಿ ಸಹಜವಾಗಿ ಹೊಳೆಯುವ ಉಪಾಯ. ಇವೆಲ್ಲವೂ ಹುಳಿಯಿಲ್ಲದ ತರಕಾರಿಗಳು. ಸೇರಿದಷ್ಟೂ ಸಾಸು ಗಡಿಯಾಚೆಗೆ ಜಾರುವುದು. ಗಟ್ಟಿಯಾಗಲೆಂದು ಮೈದಾ ಅಥವಾ ಜೋಳದ ಹಿಟ್ಟನ್ನು ಕದಡಿ ಹಾಕಿದರೆ ಶಾಖವು ಭರಣಿಯ ನಡುಭಾಗವನ್ನು ಸಕಾಲಕ್ಕೆ ಮುಟ್ಟದು. ನಮ್ಮ ಗೊಜ್ಜಿಗೆ ಪ್ರಾಣಪ್ರಾಯವಾದ ಎಣ್ಣೆಯ ಒಗ್ಗರಣೆಯೂ ಭರಣಿಗೆ ಸಲ್ಲದು. ಎಣ್ಣೆಯು ಸೂಕ್ಷ್ಮಜೀವಿಗಳಿಗೆ ಕವಚವಾಗುವುದಲ್ಲದೆ ಮುಚ್ಚಳದ ಅಂಟನ್ನೂ ಸಡಿಲಿಸುವುದು. ಈರುಳ್ಳಿಯನ್ನು ಬಾಡಿಸುವುದು, ಹಿಟ್ಟು ಸೇರಿಸುವುದು, ಒಗ್ಗರಣೆ ಕೊಡುವುದು, ಇವೆಲ್ಲವನ್ನೂ ಭರಣಿಯನ್ನು ತೆರೆದ ದಿನ ಬಾಣಲೆಯಲ್ಲಿ ಮಾಡತಕ್ಕದ್ದು. ಭರಣಿಯೊಳಗೆ ಇರಬೇಕಾದುದು ಹಣ್ಣು, ಹುಳಿ, ಉಪ್ಪು, ಒಣ ಮಸಾಲೆ, ಇಷ್ಟೇ.

ಮುಂದಿನದು ಶಾಖದ ವಿಷಯ. ಉರುವಲಿನ ಉಳಿತಾಯಕ್ಕಾಗಿ ಕಾಯಿಸುವ ಹೊತ್ತನ್ನು ಕಡಿಮೆ ಮಾಡುವುದು ಸರ್ವಥಾ ಕೂಡದು. ಇದರಲ್ಲಿ ನಮ್ಮ ನಾಡಿನವರು ಗಮನಿಸಬೇಕಾದ ವಿಶೇಷವೊಂದಿದೆ. ಪುಸ್ತಕಗಳಲ್ಲಿ ಕೊಟ್ಟಿರುವ ಕಾಲಮಾನವು ಸಾಮಾನ್ಯವಾಗಿ ಸಮುದ್ರಮಟ್ಟದ ಊರುಗಳಿಗೆ ಹೊಂದತಕ್ಕದ್ದು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ ನೀರು ಕಡಿಮೆ ಶಾಖದಲ್ಲಿಯೇ ಕುದಿಯುವುದು. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿಯುವುದೆಂದು ಹೇಳಬಹುದು. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ ಕುದಿಯುವುದು. ಎಷ್ಟು ಜೋರಾಗಿ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಈ ಕೊರತೆಯನ್ನು ಕಾಲದಿಂದ ತುಂಬಬೇಕು. ಅರ್ಧ ಲೀಟರಿನ ಅಥವಾ ಅದಕ್ಕಿಂತ ಚಿಕ್ಕ ಭರಣಿಯ ಸಾಸಿಗೆ ಮಂಗಳೂರಿನಲ್ಲಿ 35 ನಿಮಿಷ, ಮೈಸೂರಿನಲ್ಲಿ 40 ನಿಮಿಷ, ಬೆಂಗಳೂರು ಮತ್ತು ಮಡಿಕೇರಿಗಳಲ್ಲಿ 45 ನಿಮಿಷ ಬೇಕು. ಒಂದು ಲೀಟರಿನ ಭರಣಿಯಾದರೆ ಎಲ್ಲಕ್ಕೂ ಐದು ನಿಮಿಷ ಹೆಚ್ಚು. ನೀರು ಚೆನ್ನಾಗಿ ಕುದಿಯಲು ತೊಡಗಿದ ಮೇಲೆಯೇ ಲೆಕ್ಕ ಪ್ರಾರಂಭವಾಗಬೇಕು; ನಡುವೆ ಕುದಿ ನಿಂತರೆ ಪುನಃ ಕುದಿಬರಿಸಿ ಮೊದಲಿನಿಂದ ಎಣಿಸಬೇಕು. ಮನೆಯ ಪ್ರೆಷರ್ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದರೆ ಆಗದೆ ಎಂದು ಕೇಳುವವರುಂಟು. ಅದರ ಬಿಸಿಯೇರುವ ಆರುವ ವೇಗವು ಈ ಕೆಲಸಕ್ಕಾಗಿ ಪರೀಕ್ಷಿಸಲ್ಪಟ್ಟುದಲ್ಲವಾದುದರಿಂದ ಅದನ್ನು ನಂಬಕೂಡದು.

ಉರುವಲನ್ನು ಉಳಿಸುವ ಸರಿಯಾದ ದಾರಿ ಬೇರೆಯೇ ಇದೆ. ಅದು ಚಿಕ್ಕ ಪ್ರಮಾಣದಲ್ಲಿ ಮಾಡುವುದು. ನಾಲ್ಕು ಭರಣಿಗಳಿಗೆ ಮನೆಯ ಆಳವಾದ ಪಾತ್ರೆಯೇ ಸಾಕು; ದೊಡ್ಡ ಹಂಡೆಯ ನೀರನ್ನು ಕುದಿಸುವ ಖರ್ಚಿಲ್ಲ. ಹಣ್ಣು ಬೇಗ ಬತ್ತುವುದರಿಂದ ಬಣ್ಣವೂ ರುಚಿಯೂ ಉಳಿಯುವುವು. ತೆರೆದ ಭರಣಿಯು ಒಂದು ವಾರದೊಳಗೆ ಮುಗಿಯುವುದರಿಂದ ಚೆಲ್ಲುವ ಪ್ರಸಂಗವೂ ಬಾರದು.

ಮುಚ್ಚಳದ ವಿಷಯದಲ್ಲಿ ಒಂದೇ ಮಾತು. ಮೇಸನ್ ಮಾದರಿಯ ಭರಣಿಗೆ ಎರಡು ಭಾಗಗಳ ಮುಚ್ಚಳವಿರುವುದು: ಒಂದು ಚಪ್ಪಟೆ ಬಿಲ್ಲೆ, ಇನ್ನೊಂದು ತಿರುಪಿನ ಬಳೆ. ಬಳೆಯನ್ನು ತುಕ್ಕು ಹಿಡಿಯುವವರೆಗೂ ಮತ್ತೆ ಮತ್ತೆ ಬಳಸಬಹುದು. ಬಿಲ್ಲೆಯನ್ನು ಒಂದೇ ಸಲ. ಅದರ ಅಂಚಿನ ಮೆತ್ತನೆಯ ಲೇಪವು ಮೊದಲನೆಯ ಸಲವೇ ಭರಣಿಯ ಬಾಯಿಯ ಗುರುತನ್ನು ಹೊತ್ತುಬಿಡುವುದು. ಎರಡನೆಯ ಸಲ ಅದು ಅಂಟಿದಂತೆ ಕಂಡರೂ ನಂಬುವಂತಿಲ್ಲ. ಬಿಲ್ಲೆಗಳು ಕಡಮೆಯಿದ್ದರೆ ಎರಡು ಕಾಲು ಲೀಟರಿನ ಭರಣಿಗಳಿಗೆ ಬದಲು ಒಂದು ಅರ್ಧ ಲೀಟರಿನ ಭರಣಿಯನ್ನು ತುಂಬಬಹುದು; ಒಂದು ಬಿಲ್ಲೆ ಉಳಿಯುವುದು. ಬಿಸಿ ಸಾಸನ್ನು ಸುರಿದು, ಮುಚ್ಚಿ, ಭರಣಿಯನ್ನು ತಲೆಕೆಳಗಾಗಿ ನಿಲ್ಲಿಸುವುದೂ, ಮೇಣವನ್ನು ಕರಗಿಸಿ ಹೊಯ್ಯುವುದೂ ಕಾಯಿಸುವ ಕೆಲಸಕ್ಕೆ ಬದಲಾಗಲಾರವು.

ಈಗ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಸುಮಾರು ಎರಡೂಕಾಲು ಕಿಲೋ ಹಣ್ಣಿನಿಂದ ಕಾಲು ಲೀಟರಿನ ನಾಲ್ಕು ಭರಣಿಗಳಷ್ಟು ತೆಳು ಸಾಸಾಗುವುದು. ಗಟ್ಟಿಯಾದ ಕೆಂಪು ಹಣ್ಣನ್ನೇ ಆರಿಸಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕೊಳೆತ, ಬೂಷ್ಟು ಹಿಡಿದ, ಒಣಗಿದ ಗಿಡದಿಂದ ಕಿತ್ತ ಹಣ್ಣನ್ನು ತರಬಾರದು. ಬೂಷ್ಟು ಹುಳಿಯನ್ನು ತಿಂದುಹಾಕುವುದು. ತೊಳೆದು, ಹೆಚ್ಚಿದ ಕೂಡಲೆ ಬಿಸಿ ಪಾತ್ರೆಗೆ ಹಾಕಬೇಕು. ಹೆಚ್ಚಿ ತಡಮಾಡಿದರೆ ಹಣ್ಣಿನ ಅಂಟು ಕರಗಿ ಸಾಸು ನೀರೊಡೆಯುವುದು. ಬೆಂದ ಮೇಲೆ ಸೋಸಿ ಸಿಪ್ಪೆ ಬೀಜಗಳನ್ನು ತೆಗೆದು, ಮೂರನೆಯ ಒಂದು ಭಾಗ ಇಂಗುವವರೆಗೆ ಬತ್ತಿಸಬೇಕು. ಅಷ್ಟರಲ್ಲಿ ಭರಣಿಗಳನ್ನು ತೊಳೆದು ಬಿಸಿನೀರಿನಲ್ಲಿ ಇಟ್ಟಿರಬೇಕು. ಪ್ರತಿ ಭರಣಿಗೂ ಮೊದಲು ಹುಳಿಯನ್ನು ಹಾಕಿ, ಕುದಿಯುವ ಸಾಸನ್ನು ಬಾಯಿಯಿಂದ ಅರ್ಧ ಅಂಗುಲ ಕೆಳಗಿನವರೆಗೆ ತುಂಬಿ, ಗಾಳಿಯ ಗುಳ್ಳೆಗಳನ್ನು ಬಿಡಿಸಿ, ಅಂಚನ್ನು ಶುದ್ಧವಾದ ಬಟ್ಟೆಯಿಂದ ಒರೆಸಿ, ಬಿಲ್ಲೆಯನ್ನಿಟ್ಟು ಬಳೆಯನ್ನು ಹಗುರವಾಗಿ ಬಿಗಿಯಬೇಕು. ಪಾತ್ರೆಯ ತಳದಲ್ಲಿ ಜಾಲರಿ ಇಟ್ಟು, ಭರಣಿಗಳ ಮೇಲೆ ಒಂದು ಅಂಗುಲ ನೀರು ನಿಲ್ಲುವಂತೆ ಮಾಡಿ, ಊರಿಗೆ ತಕ್ಕ ಹೊತ್ತು ಕುದಿಸಬೇಕು. ಉರಿ ಆರಿಸಿ ಐದು ನಿಮಿಷ ಬಿಟ್ಟು ಭರಣಿಗಳನ್ನು ಎತ್ತಿ, ಗಾಳಿ ಹೊಡೆಯದ ಕಡೆ ಬಟ್ಟೆಯ ಮೇಲೆ ಒಂದು ರಾತ್ರಿ ಅಲುಗಿಸದೆ ಇಡಬೇಕು. ಮರುದಿನ ಬಿಲ್ಲೆಯ ನಡುಭಾಗ ಒಳಕ್ಕೆ ತಗ್ಗಿದ್ದು, ಒತ್ತಿದರೆ ಅಲುಗದಿದ್ದರೆ ಮುಚ್ಚಳ ಹಿಡಿದಿದೆಯೆಂದರ್ಥ. ಬಳೆಯನ್ನು ತೆಗೆದು, ಹೊರಮೈಯನ್ನು ತೊಳೆದು, ತಾರೀಖು ಬರೆದು, ತಂಪಾದ ಕತ್ತಲೆಯ ಸ್ಥಳದಲ್ಲಿಡಬೇಕು. ಒಂದು ವರ್ಷದೊಳಗೆ ಬಳಸಿಬಿಡುವುದು ಒಳ್ಳೆಯದು. ಹಿಡಿಯದ ಭರಣಿಯನ್ನು ಶೀತಕದಲ್ಲಿಟ್ಟು ಮೊದಲು ತೀರಿಸಬೇಕು.

ತಕ್ಕ ಬಿಲ್ಲೆಗಳೇ ಸಿಕ್ಕದಿದ್ದರೆ ಏನು ಮಾಡಬೇಕು? ಸಾಸನ್ನು ಮಾಡದೆ ಬಿಡಬೇಕಾಗಿಲ್ಲ. ಕಪಾಟಿನಲ್ಲಿಡುವ ಆಸೆಯನ್ನು ಮಾತ್ರ ಬಿಡಬೇಕು. ಆರಿದ ಸಾಸನ್ನು ಶೀತಕದ ಹಿಮಗಟ್ಟುವ ಭಾಗದಲ್ಲಿ ಚಿಕ್ಕ ಚಿಕ್ಕ ಡಬ್ಬಿಗಳಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುವುದು. ಅಲ್ಲಿ ಯಾವ ಹಳೆಯ ಮುಚ್ಚಳವಾದರೂ ನಡೆಯುವುದು. ಹಿಗ್ಗುವುದಕ್ಕೆ ಸ್ವಲ್ಪ ಸ್ಥಳ ಬಿಟ್ಟರಾಯಿತು. ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆಗಳನ್ನು ಸೇರಿಸಲೇಬೇಕೆನ್ನುವವರಿಗೂ ಇದೇ ಮಾರ್ಗ.

ಕಡೆಯದಾಗಿ ಒಂದು ಎಚ್ಚರಿಕೆ. ಮುಚ್ಚಳ ಉಬ್ಬಿದ, ಸೋರಿದ, ತೆರೆದಾಗ ರಸ ಚಿಮ್ಮಿದ ಭರಣಿಯನ್ನು ಬಿಸುಡಬೇಕು. ನೋಡೋಣವೆಂದು ಬೆರಳಿನ ತುದಿಯಿಂದಲೂ ರುಚಿ ನೋಡಕೂಡದು. ಬಾಟುಲಿನಂ ವಿಷಕ್ಕೆ ವಾಸನೆಯಾಗಲಿ ಬಣ್ಣವಾಗಲಿ ಇರಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಕ್ರಮ ತಪ್ಪಿ ಮಾಡಿದ ಭರಣಿಯು ನೋಡಲು ಚೆನ್ನಾಗಿದ್ದರೂ ತ್ಯಾಜ್ಯವೇ. ತಿಂದವರಿಗೆ, ಸಾಮಾನ್ಯವಾಗಿ 12ರಿಂದ 36 ಗಂಟೆಗಳೊಳಗಾಗಿ, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಇವು ಕಂಡುಬಂದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇದಕ್ಕೆ ಪ್ರತಿವಿಷವುಂಟು, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಏನನ್ನು ತಿಂದರೆಂಬುದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಅಭಾವದ ಕಾಲದಲ್ಲಿ ಕೈಹಿಡಿತ ಸದ್ಗುಣವೇ ಸರಿ. ಸಕ್ಕರೆಯಲ್ಲಿ ಹಿಡಿಯಿರಿ, ಉಪ್ಪಿನಲ್ಲಿ ಹಿಡಿಯಿರಿ, ಮಸಾಲೆಯಲ್ಲಿ ಹಿಡಿಯಿರಿ, ಪಾತ್ರೆಯ ಗಾತ್ರದಲ್ಲಿ ಹಿಡಿಯಿರಿ. ಅಳೆದು ಹಾಕುವ ಹುಳಿ, ಗಡಿಯಾರ ನೋಡಿ ಕುದಿಸುವ ಹೊತ್ತು, ಹೊಸದಾದ ಬಿಲ್ಲೆ, ಈ ಮೂರರಲ್ಲಿ ಮಾತ್ರ ಹಿಡಿಯಬೇಡಿರಿ. ಈ ಮೂರೂ ದೊರೆತಲ್ಲದೆ ಭರಣಿಯನ್ನು ಕಪಾಟಿಗೆ ಸೇರಿಸುವುದು ಬೇಡ.